ನಾನು ಕೂರುತ್ತಿದ್ದ ಚಪ್ಪಡಿ

ಹುಣಸೆಹಣ್ಣಿನ ಮಂಡಿಯ ಮುಂದೆ ಹಾದುಹೋಗುವಾಗ ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನನಗೆ ನಾಚಿಕೆಯಾಗುತ್ತದೆ. ಮೊನ್ನೆ ಮಾಘದಲ್ಲಿ ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಯಾವುದೋ ಮಳಿಗೆಯ ಎದುರು ಬಸ್ಸು ನಿಂತಿತು. ಬಿಸಿಲಿಗೆ ಹರಡಿದ್ದ ಹೊಸ ಹುಣಸೆಹಣ್ಣಿನ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ತಂಗಿಯ ಮಗಳು, "ಯಾಕೆ ದೊಡ್ಡಮ್ಮ, ಸೆರಗು ಎಳ್ಕೊಂಡು ಹೊಟ್ಟೆ ಮುಚ್ಕೋತಿದ್ದೀರಿ?" ಎಂದಳು. ಆಗಲೇ ಗೊತ್ತಾಗಿದ್ದು, ನನ್ನ ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿತ್ತು. ಇಷ್ಟು ವರ್ಷವಾದರೂ ಕೈಗೆ ಸಿದ್ದಣ್ಣನ ತಕ್ಕಡಿ ಮರೆತಿಲ್ಲ.

ಅರವತ್ತರ ದಶಕದ ನಡುವೆ ಇರಬೇಕು. ಸೇರು, ಮಣ ಹೋಗಿ ಕೆಜಿ ಬಂದಿತ್ತು, ಆದರೆ ಜನರ ಬಾಯಿಗೆ ಇನ್ನೂ ಬಂದಿರಲಿಲ್ಲ. ನಾನು ಕೊಳ್ಳೇಗಾಲದ ನೇಕಾರರ ಬೀದಿಯವಳು. ಹೆರಿಗೆ ಮಾಡಿಸುವ ತರಬೇತಿ ಮುಗಿಸಿ ಹನೂರಿಗೆ ನರ್ಸಾಗಿ ಬಂದಾಗ ಇಪ್ಪತ್ತಾರು ವರ್ಷ. ದಪ್ಪಗಿದ್ದೆ. ದಪ್ಪ ಎಂದರೆ ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನಾನು ಕೂತರೆ ಇನ್ನೊಬ್ಬರು ನಿಂತೇ ಹೋಗುತ್ತಿದ್ದರು, ಅಷ್ಟು. ನಮ್ಮ ಬೀದಿಯಲ್ಲಿ ಅದು ಯಾರಿಗೂ ದೋಷವಾಗಿ ಕಂಡಿರಲಿಲ್ಲ. "ಮೈಕೈ ತುಂಬ್ಕೊಂಡು ಲಕ್ಷಣವಾಗವ್ಳೆ" ಎಂದೇ ಅನ್ನುತ್ತಿದ್ದರು. ನನಗೂ ಊಟವೆಂದರೆ ಪ್ರಾಣ. ಅದನ್ನು ಮುಚ್ಚಿಡುವುದೇಕೆ, ಈಗಲೂ ಹಾಗೆಯೇ.

ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ಒಂದು ಸೋಲಿಗರ ಪೋಡು. ಪೋಡು ಎಂದರೆ ಕಾಡೊಳಗಿನ ಹಟ್ಟಿ, ಹದಿನೈದು ಇಪ್ಪತ್ತು ಗುಡಿಸಲು. ಹನೂರಿನಿಂದ ಒಡೆಯರಪಾಳ್ಯದ ದಾರಿಯಲ್ಲಿ ಬಸ್ಸಿಳಿದು, ಗುಡ್ಡದ ಬುಡದ ಹಳ್ಳಿ ದಾಟಿ, ಅಲ್ಲಿಂದ ಕಾಲುದಾರಿಯಲ್ಲಿ ಹತ್ತಬೇಕು. ಮೊದಲ ಸಲ ನಾನು ಹತ್ತಿದ್ದು ಬಂದ ವರ್ಷದ ದೀಪಾವಳಿಯ ಹಿಂದೆ ಮುಂದೆ. ಬುಡದ ಹಳ್ಳಿಯಲ್ಲಿ ಮಕ್ಕಳಿಗೆ ಮಾತ್ರೆ ಕೊಡುತ್ತಿದ್ದಾಗ ಜಡೆಯ ಎಂಬ ಹುಡುಗಪ್ರಾಯದ ಗಂಡಸು ಓಡಿಬಂದ. ಅವನ ಹೆಂಡತಿ ಮಾದಮ್ಮನಿಗೆ ಬೆಳಗಿನಿಂದ ನೋವು. ಚೊಚ್ಚಲು.

ನಾನು ಹೊರಟೆ. ಹೊರಟೆ ಎನ್ನುವುದು ಸುಲಭ. ಮೂವತ್ತು ಹೆಜ್ಜೆಗೆ ಒಮ್ಮೆ ನಿಂತೆ, ಆಮೇಲೆ ಕೂತೆ, ಬೇರಿನ ಮೇಲೆ, ಮಣ್ಣಿನ ಮೇಲೆ, ಎಲ್ಲೆಂದರಲ್ಲಿ. ಜಡೆಯ ನನ್ನ ಚೀಲ ಹಿಡಿದು ನಿಂತು ಒಮ್ಮೆ ನನ್ನನ್ನು, ಒಮ್ಮೆ ಗುಡ್ಡದ ತುದಿಯನ್ನು ನೋಡುತ್ತಿದ್ದ. ಬೇಗ ಬನ್ನಿ ಎಂದು ಒಂದು ಸಲವೂ ಅನ್ನಲಿಲ್ಲ. ನಾನು ಗುಡಿಸಲು ಮುಟ್ಟಿದಾಗ ಮಗು ಹುಟ್ಟಿಯಾಗಿತ್ತು. ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ಹೆರಿಗೆಗೆ ಕೂತಿದ್ದ ಮುದುಕಿ ಕೇತಮ್ಮ ಜಡೆಯನ ತಾಯಿ. ಅವಳು ತನಗೆ ಗೊತ್ತಿದ್ದನ್ನೆಲ್ಲ ಮಾಡಿದ್ದಳು. ನಾನು ಅಳುವುದನ್ನು ನೋಡಿ ನನ್ನ ಬೆನ್ನು ಸವರಿದಳು. "ನೀ ಯಾನ ಮಾಡೀಯವ್ವ. ಗುಡ್ಡ ಎತ್ರ, ನಿನ್ ಮೈ ಭಾರ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ನಿಜವಾಗಿ ಸಮಾಧಾನ ಮಾಡುತ್ತಿದ್ದಳು.

ಮುಂದಿನ ವರ್ಷ ಆಷಾಢದಲ್ಲಿ ಜಡೆಯ ಬುಡದ ಹಳ್ಳಿಯಲ್ಲಿ ಸಿಕ್ಕಿದ. ನಾಚಿಕೊಂಡು ನೆಲ ನೋಡುತ್ತ, "ಮಾದಿಗೆ ಮತ್ತೆ ನಿಂತದೆ ಅವ್ವಾ. ಐದು ತುಂಬ್ತು" ಎಂದ. ಹೆರಿಗೆಗೆ ಮುಂಚೆ ಅವಳನ್ನು ಕೆಳಗೆ ಕರೆತಂದು ಆಸ್ಪತ್ರೆಯಲ್ಲಿ ಇಡು ಎಂದು ನಾನು ಎಷ್ಟು ಹೇಳಿದರೂ ಆಗಲಿಲ್ಲ. ಮಾದಮ್ಮ ಆವರೆಗೆ ಬಸ್ಸು ಹತ್ತಿದವಳಲ್ಲ. ಊರಿನ ಆಸ್ಪತ್ರೆಯೆಂದರೆ ಹೋದವರು ಬಾರದ ಜಾಗ ಎಂದು ಅವಳ ಎಣಿಕೆ. ಅವಳು ಇಳಿಯಲಾರಳು ಎಂದ ಮೇಲೆ ನಾನೇ ಹತ್ತಬೇಕು. ಕಾರ್ತಿಕದ ಹೊತ್ತಿಗೆ ಈ ಮೈಯನ್ನು ಆ ಗುಡ್ಡದ ಮೇಲಕ್ಕೆ ಬೇಗ ಸಾಗಿಸುವುದು ಕಲಿಯಬೇಕು. ಅಂದೇ ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಿಂದ ಅರ್ಧ ಅನ್ನ ತೆಗೆದಿಟ್ಟೆ. ಅನ್ನದ ಮುಖ ನೋಡಿದರೆ ಕಣ್ಣೀರು ಬಂತು.

ತೂಕ ನೋಡೋಣವೆಂದರೆ ಆಸ್ಪತ್ರೆಯಲ್ಲಿ ಇದ್ದದ್ದು ಕೂಸುಗಳ ತಕ್ಕಡಿ ಒಂದೇ. ದೊಡ್ಡವರನ್ನು ತೂಗುವಂಥದ್ದು ಊರಲ್ಲಿ ಇದ್ದದ್ದು ಹುಣಸೆಹಣ್ಣಿನ ಮಂಡಿ ಸಿದ್ದಣ್ಣನ ಹತ್ತಿರ. ಮೂರು ಬೊಂಬಿನ ಮೇಲೆ ತೂಗುಬಿದ್ದ ದೊಡ್ಡ ತಕ್ಕಡಿ. ಮಟಮಟ ಮಧ್ಯಾಹ್ನ ಯಾರೂ ಇಲ್ಲದಾಗ ಹೋಗಿ, ಅವನ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹುಣಸೆ ಅಂಟಿದ ಹಲಗೆಯ ಮೇಲೆ ಕಣ್ಣು ಮುಚ್ಚಿ ಕೂತೆ. ಸಿದ್ದಣ್ಣ ಹತ್ತು ಕೆಜಿಯ ಬೊಟ್ಟು ಒಂದೊಂದೇ ಎತ್ತಿ ಆ ಕಡೆ ಇಟ್ಟ. ಎಂಟು ಇಟ್ಟರೂ ನಾನು ನೆಲ ಬಿಡಲಿಲ್ಲ.

"ಇನ್ನೊಸಿ ಮಡುಗ್ಬೇಕಲ್ಲ ನರ್ಸಮ್ಮ" ಎಂದ, ಪಾಪ, ತಾನೇ ತಪ್ಪು ಮಾಡಿದವನ ಹಾಗೆ. ಎಂಬತ್ತನಾಲ್ಕಕ್ಕೆ ಹಲಗೆ ಎದ್ದಿತು. ಅವನ ಹೆಂಡತಿ ಬೆರಳು ಮುರಿದು ದೃಷ್ಟಿ ತೆಗೆದಳು.

ಅಂದಿನಿಂದ ಪ್ರತಿ ಗುರುವಾರ ಮಾತ್ರೆ ಹಂಚುವ ನೆಪದಲ್ಲಿ ಪೋಡಿಗೆ ಹೋಗತೊಡಗಿದೆ. ಜಡೆಯ ಕಾಡಿನ ಮರ ಕಡಿಯುವ ಕೂಪಿನ ಕೆಲಸಕ್ಕೆ ಹೋಗದ ದಿನ ಕೆಳಗೆ ಬಂದು ಕಾಯುತ್ತಿದ್ದ. ಮೊದಲ ಗುರುವಾರ ನಾನು ಉಸಿರು ಕಟ್ಟಿ ಕುಸಿದ ಜಾಗದಲ್ಲಿ, ಮುಂದಿನ ವಾರ ಹೋದರೆ, ಒಂದು ಚಪ್ಪಡಿ ಕಲ್ಲು! ಮಣೆಯಷ್ಟು ಅಗಲ, ನುಣ್ಣಗೆ, ಅಲುಗದ ಹಾಗೆ ಕೂರಿಸಿದ್ದ. "ನೆಲ ಸೀತ ಅವ್ವಾ. ಉಣ್ಣಿ ಉಳ ಅತ್ಕತವೆ. ಇದ್ರ ಮ್ಯಾಲ್ ಕುಂತ್ಕಳಿ" ಎಂದ. ಕೂತೆ. ಆ ಗುಡ್ಡದಲ್ಲಿ ಅಷ್ಟು ಹಿತವಾದದ್ದು ಇನ್ನೊಂದಿರಲಿಲ್ಲ.

ಆ ಚಪ್ಪಡಿಯನ್ನೇ ನಾನು ಗುರುತಾಗಿ ಇಟ್ಟುಕೊಂಡೆ. ನನ್ನ ಕೈಗಡಿಯಾರ ಮಳೆಗೆ ನೆನೆದು ಕೊಳ್ಳೇಗಾಲದ ರಿಪೇರಿ ಅಂಗಡಿ ಸೇರಿತ್ತು. ಕಾಡಿನಲ್ಲಿ ನನಗೆ ಎಲ್ಲ ಮರವೂ ಒಂದೇ, ಎಲ್ಲ ತಿರುವೂ ಒಂದೇ. ಹತ್ತುವಾಗ ಕಣ್ಣು ಹೆಬ್ಬೆರಳ ಮೇಲಿಂದ ಏಳುತ್ತಲೇ ಇರಲಿಲ್ಲ. ಹಾಗಾಗಿ ಲೆಕ್ಕ ಸರಳ: ಚಪ್ಪಡಿಯ ತನಕ ಕೂರದೆ ಹತ್ತಬೇಕು, ಆಮೇಲೆ ಒಂದು ದಿನ ಅದನ್ನು ದಾಟಬೇಕು. ಅದರ ಮುಂದಿನ ದಾರಿಯಲ್ಲಿ ಎಷ್ಟು ಸಲ ಬೇಕಾದರೂ ಕೂರಲು ನನಗೆ ನಾನೇ ರಜೆ ಕೊಟ್ಟುಕೊಂಡಿದ್ದೆ.

ಶ್ರಾವಣದ ಎರಡನೇ ವಾರ ದಾಟಿದೆ. ಚಪ್ಪಡಿಯನ್ನು ನೋಡಿಯೂ ನೋಡದವಳ ಹಾಗೆ ಮುಂದೆ ನಡೆದು, ಇನ್ನೊಂದು ಐವತ್ತು ಹೆಜ್ಜೆ ಹೋಗಿ, ಒದ್ದೆ ಹುಲ್ಲಿನ ಮೇಲೆ ಧೊಪ್ಪನೆ ಕೂತು ಒಬ್ಬಳೇ ನಕ್ಕೆ. ಜಡೆಯನಿಗೆ ಏನೂ ಅರ್ಥವಾಗಲಿಲ್ಲ. ಆ ಸಂಜೆ ಹನೂರಿಗೆ ಬಂದವಳು ಸಂಭ್ರಮಕ್ಕೆ ಒಂದು ಹೋಳಿಗೆ ತಿಂದೆ. ಒಂದೇ.

ಮುಂದಿನ ಗುರುವಾರ ಹತ್ತಿದೆ. ಉಸಿರು ಏರಿತು, ಎದೆ ಡವಗುಟ್ಟಿತು, ಕಾಲು ಬಿದ್ದುಹೋಯಿತು, ತಲೆ ಎತ್ತಿದರೆ ಎದುರಿಗೆ ಚಪ್ಪಡಿ. ಅಲ್ಲಿಗೇ ಮುಗಿದಿತ್ತು ನನ್ನ ಶಕ್ತಿ. ಹೋದ ವಾರ ದಾಟಿದವಳು ನಾನೇನಾ? ಹೋಳಿಗೆಯ ಫಲ ಎಂದುಕೊಂಡು ಇನ್ನೂ ಸ್ವಲ್ಪ ಅನ್ನ ಬಿಟ್ಟೆ, ತುಪ್ಪ ಬಿಟ್ಟೆ, ಕಾಫಿಗೆ ಸಕ್ಕರೆ ಬಿಟ್ಟೆ. ಎರಡು ವಾರ ಕಳೆದು ಮತ್ತೆ ದಾಟಿದೆ. ಅದರ ಮುಂದಿನ ವಾರ ಮತ್ತೆ ಚಪ್ಪಡಿಯ ಹತ್ತಿರವೇ ಕಟ್ಟಿಹಾಕಿದ ಹಾಗೆ ನಿಂತುಬಿಟ್ಟೆ. ಹೀಗೇ ನಡೆಯಿತು, ಭಾದ್ರಪದ ಪೂರ್ತಿ, ಆಶ್ವಯುಜದ ಅರ್ಧ. ಒಂದು ದಿನ ಗೆದ್ದೆ ಎನಿಸುವುದು, ಮುಂದಿನ ಗುರುವಾರ ಅದೇ ಕಲ್ಲು ಅಲ್ಲೇ ಕೂತು ನನ್ನನ್ನು ನೋಡಿ ನಗುವುದು. ದಾರಿ ಬದಿಯಲ್ಲಿ ಅಲ್ಲಲ್ಲಿ ಮೂರು ಪುಟ್ಟ ಕಲ್ಲು ಒಲೆ ಹೂಡಿದ ಹಾಗೆ ಬಿದ್ದಿರುತ್ತಿದ್ದವು. ದನ ಕಾಯುವವರು ಇಲ್ಲಿ ಕೂತು ಅನ್ನ ಬೇಯಿಸಿಕೊಳ್ಳುತ್ತಾರೆ, ಪುಣ್ಯವಂತರು ಎಂದು ಹೊಟ್ಟೆ ಉರಿದುಕೊಂಡು ಮುಂದೆ ಹೋಗುತ್ತಿದ್ದೆ.

ಇತ್ತ ಸಿದ್ದಣ್ಣನ ತಕ್ಕಡಿ ಬೇರೆಯೇ ಮಾತು ಹೇಳತೊಡಗಿತು. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಹೋಗಿ ಕೂತರೆ ಎಪ್ಪತ್ತಾರು! ಎಂಟು ಕೆಜಿ ಹೋಗಿತ್ತು. ನಾನು ಹಿಗ್ಗಿ ಹೀರೇಕಾಯಿಯಾಗಬೇಕು. ಆದರೆ ಸಿದ್ದಣ್ಣನ ಮುಖ ಇಳಿದುಹೋಯಿತು. "ಇನ್ನೊಂದ್ಸಲ ತೂಗ್ತೀನಿ ಇರಿ ನರ್ಸಮ್ಮ, ಬೊಟ್ಟು ತಪ್ಪಿರ್ಬೇಕು" ಎಂದು ಮತ್ತೆ ತೂಗಿದ. ಅಷ್ಟೇ ಬಂತು. ಅವನ ಹೆಂಡತಿ ಈ ಸಲ ದೃಷ್ಟಿ ತೆಗೆಯಲಿಲ್ಲ, ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ನಾನು ಬಾಡಿಗೆಗಿದ್ದ ಮನೆಯ ಪುಟ್ಟತಾಯಮ್ಮ ಅದನ್ನೇ ಬಾಯಿಬಿಟ್ಟು ಹೇಳಿದರು. "ಸೊರಗೋದ್ರಲ್ಲ ತಾಯಿ! ಕೆನ್ನೆ ಒಳೀಕೋಗವೆ, ರವಿಕೆ ತೋಳು ಅಳ್ಳಾಡ್ತಾವೆ. ನಮ್ ನಾದ್ನಿನೂ ಇಂಗೇ ಇಳ್ದಿಳ್ದು ಓದ್ಲು ಕಣ್ರಿ. ಎದೆ ಕಾಯ್ಲೆ ಅಂದ್ರು. ನಮ್ಗೆ ಗೊತ್ತಾಗಾಟೊತ್ಗೆ ಮೀರೋಗಿತ್ತು."

ನಾನು ನರ್ಸು. ಉಣ್ಣುವುದು ಬಿಟ್ಟರೆ ತೂಕ ಇಳಿಯುತ್ತದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಸುಮ್ಮನೆ ತೂಕವೊಂದೇ ಇಳಿದಿದ್ದರೆ ಸರಿ, ಹತ್ತುವ ಶಕ್ತಿ ಯಾಕೆ ಏರಲಿಲ್ಲ? ಮೈ ಹಗುರಾದವಳು ಅದೇ ಚಪ್ಪಡಿಯ ಹತ್ತಿರ ಅದೇ ಹಾಗೆ ಏದುಸಿರು ಬಿಡುತ್ತಿದ್ದೇನೆ ಎಂದರೆ ಏನರ್ಥ? ಎಂಟು ಕೆಜಿ ಕೊಬ್ಬು ಹೋಗಿದೆಯೋ, ಎಂಟು ಕೆಜಿ ಜೀವ ಹೋಗಿದೆಯೋ? ಕೆಮ್ಮು ಬಂದರೆ ಕ್ಷಯದ ರಕ್ತವೇನಾದರೂ ಬಿತ್ತೇ ಎಂದು ಕರವಸ್ತ್ರ ಬಿಚ್ಚಿ ಬಿಚ್ಚಿ ನೋಡಿದೆ. ಕನ್ನಡಿಯಲ್ಲಿ ಕಂಡ ಕೊರಳ ಮೂಳೆ ಒಂದು ದಿನ ಚಂದ ಕಂಡರೆ ಮರುದಿನ ಭಯ ಹುಟ್ಟಿಸಿತು. ತಕ್ಕಡಿಯನ್ನು ನಂಬುವುದೋ, ಕಲ್ಲನ್ನು ನಂಬುವುದೋ, ಪುಟ್ಟತಾಯಮ್ಮನನ್ನು ನಂಬುವುದೋ, ಏನೊಂದೂ ತಿಳಿಯದೆ ಹೋಯಿತು. ಮೈ ಇಳಿಸುವುದು ಇಷ್ಟು ಗೊಂದಲದ ಕೆಲಸ ಎಂದು ಮೊದಲೇ ಯಾರಾದರೂ ಹೇಳಬಾರದಿತ್ತೇ!

ಆಶ್ವಯುಜದ ನಡುವೆ ನಾನು ಕೈಚೆಲ್ಲಿದೆ. ಜಡಿಮಳೆ ಬೇರೆ ಹಿಡಿದಿತ್ತು. ಮೂರು ಗುರುವಾರ ಗುಡ್ಡದ ಕಡೆ ಹೋಗಲಿಲ್ಲ. ಪುಟ್ಟತಾಯಮ್ಮ ತುಪ್ಪ ಸುರಿದರೆ ಬೇಡ ಎನ್ನಲಿಲ್ಲ. ಎರಡು ಮುದ್ದೆ ನುಂಗಿ, ಅನ್ನ ಹಾಕಿಸಿಕೊಂಡು, ಮೇಲೆ ಮೊಸರು ಕಲಸಿ ಉಂಡೆ. ಅವರು ಎದುರಿಗೆ ಕೂತು ನೋಡಿ ಖುಷಿಯಾದರು. ನನಗೆ ಮಾತ್ರ ತುತ್ತು ಇಳಿಯುವಾಗಲೆಲ್ಲ ಮಾದಮ್ಮನ ಹೊಟ್ಟೆ ಕಣ್ಣಮುಂದೆ ಬರುತ್ತಿತ್ತು. ಬೇರೆ ಊರಿಗೆ ವರ್ಗ ಮಾಡಿಸಿ ಎಂದು ಅರ್ಜಿಯನ್ನೂ ಬರೆದು ಮಡಿಸಿಟ್ಟೆ. ನನಗಿಂತ ಸಣ್ಣಗಿರುವ ಯಾರನ್ನಾದರೂ ಇಲ್ಲಿಗೆ ಹಾಕಲಿ ಎಂದು.

ಅರ್ಜಿ ಟಪಾಲಿಗೆ ಹೋಗುವ ಮೊದಲೇ ಜಡೆಯ ಬಂದ. ದೀಪಾವಳಿ ಆಗಿ ನಾಲ್ಕನೇ ದಿನ, ಬೆಳಗ್ಗೆ ಹತ್ತರ ಹೊತ್ತು. ನಾನು ಬುಡದ ಹಳ್ಳಿಯಲ್ಲೇ ಇದ್ದೆ, ಹೋದ ವರ್ಷ ಇದ್ದ ಹಾಗೆಯೇ. ಅವನು ಓಡಿ ಬಂದದ್ದೂ ಹಾಗೆಯೇ.

"ನೀನು ಚೀಲ ತಗೊಂಡು ಮುಂದೆ ಓಡು. ನೀರು ಕುದಿಯಕ್ಕೆ ಇಡು. ನಾನು ಬರ್ತೀನಿ" ಎಂದೆ.

"ಒಬ್ರೇ ಬತ್ತೀರಾ ಅವ್ವಾ?"

"ದಾರಿ ಗೊತ್ತು. ಓಡೋ!"

ಅವನು ಮರೆಯಾದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತತೊಡಗಿದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು: ಚಪ್ಪಡಿ ಬರಲಿ, ಅಲ್ಲಿ ಕೂರೋಣ. ಎದೆ ಬಡಿದುಕೊಂಡಿತು. ಚಪ್ಪಡಿ ಬರಲಿಲ್ಲ. ಅಯ್ಯೋ, ಅಲ್ಲಿಯ ತನಕವೂ ಬಂದಿಲ್ಲವಲ್ಲ, ಮೂರು ವಾರದ ಮುದ್ದೆಯೆಲ್ಲ ಕಾಲಿಗೆ ಕಟ್ಟಿಕೊಂಡಿದೆ ಎಂದು ನನ್ನನ್ನು ನಾನೇ ಬೈದುಕೊಂಡೆ. ಇನ್ನೂ ಹತ್ತಿದೆ. ಪಕ್ಕೆ ಹಿಡಿದುಕೊಂಡಿತು. ಕಲ್ಲಿಲ್ಲ. ಕಲ್ಲು ಸಿಗುವ ಮೊದಲೇ ಕೂತರೆ ಇಷ್ಟು ತಿಂಗಳ ಉಪವಾಸಕ್ಕೆ ಅರ್ಥವೇ ಇಲ್ಲ, ಕೂರಬಾರದು. ಬಿದಿರ ಮೆಳೆ ಹೋಯಿತು, ಹಳ್ಳ ಹೋಯಿತು, ಬಂಡೆಯ ತಿರುವು ಹೋಯಿತು. ನನಗೆ ಅಳು ಬಂತು. ಯಾವತ್ತೂ ಇಷ್ಟು ಹೊತ್ತಿಗೆ ಬಂದುಬಿಡುತ್ತಿತ್ತಲ್ಲ! ದಾರಿ ತಪ್ಪಿದೆನೋ ಎಂದು ಗಾಬರಿಯಾಗಿ ಇನ್ನೂ ಬಿರುಸಾಗಿ ನಡೆದೆ. ಆಗ ನಾಯಿ ಬೊಗಳಿತು. ತಲೆ ಎತ್ತಿದರೆ ಎದುರಿಗೆ ಕೇತಮ್ಮನ ಗುಡಿಸಲು, ಸೂರಿನಿಂದ ಏಳುತ್ತಿದ್ದ ಹೊಗೆ.

ಒಳಗೆ ಕಾಲಿಟ್ಟಾಗ ಮಗುವಿನ ತಲೆ ಕಾಣುತ್ತಿತ್ತು. ಕೈ ತೊಳೆದು ಕೂತೆ. ತಲೆ ಹೊರಬಂತು, ಕುತ್ತಿಗೆಗೆ ಬಳ್ಳಿ, ಈ ಸಲ ಎರಡು ಸುತ್ತು. ಬೆರಳು ತೂರಿಸಿ ಒಂದು ಸುತ್ತು ಬಿಡಿಸಿದೆ, ಇನ್ನೊಂದನ್ನೂ ತಲೆಯ ಮೇಲಿಂದ ಜಾರಿಸಿದೆ. ಮಗು ನನ್ನ ಅಂಗೈಗೆ ಬಂತು. ನೀಲಿ. ಬಾಯಿ ಒರೆಸಿದೆ, ಬೆನ್ನು ಉಜ್ಜಿದೆ, ಅಂಗಾಲಿಗೆ ತಟ್ಟಿದೆ. ಮಗು ಮುಖ ಕಿವುಚಿತು, ಒಮ್ಮೆ ಸೀನಿತು, ಅತ್ತಿತು.

ಹೆಣ್ಣು.

ಹೊರಗೆ ಬಂದು ಕೂರಲು ಜಾಗ ಹುಡುಕುವಾಗ ಗುಡಿಸಲ ಹಿಂದೆ, ಮರೆ ಕಟ್ಟಿದ್ದ ಬಚ್ಚಲಲ್ಲಿ ಅದು ಕಂಡಿತು. ನನ್ನ ಚಪ್ಪಡಿ! ಅದೇ ಅಗಲ, ಅದೇ ನುಣುಪು.

"ಏ ಜಡೆಯ, ಇದು ಇಲ್ಲಿಗೆ ಯಾವಾಗ ಬಂತೋ?"

ಅವನು ತಲೆ ಕೆರೆದುಕೊಂಡ. "ಬಾಣ್ತಿಗೆ ನೀರುಯ್ಯಕ್ಕೆ ಬೇಕಾಯ್ತು ಅವ್ವಾ. ನೀವೂ ಮೂರು ವಾರ್ದಿಂದ ಬತ್ತಿರ್ನಿಲ್ವಲ್ಲ, ಅದ್ಕೆ ಒತ್ಕ ಬಂದೆ. ತಪ್ಪಾಯ್ತಾ?"

"ಇಲ್ಲಿಯ ತನಕ ಇಷ್ಟು ಭಾರ ಹೊತ್ತು ಬಂದೆಯಾ, ಅಷ್ಟು ಕೆಳಗಿನಿಂದ?"

"ಕೆಳಗಿಂದ ಯಾಕವ್ವಾ? ಇಲ್ಲೇ ಬಂಡೆ ತಿರುವ್ನತ್ರ ಇತ್ತಲ್ಲ."

ಬಂಡೆಯ ತಿರುವಿನಿಂದ ಪೋಡಿನ ನಾಯಿ ಬೊಗಳುವುದು ಕೇಳುತ್ತದೆ. ನನಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಕೇಳಿದೆ. ಅವನು ಹೇಳಿದ್ದು ಇಷ್ಟು: ನಾನು ಚಪ್ಪಡಿ ಬಿಟ್ಟು ಮುಂದೆ ಹೋಗಿ ಒದ್ದೆ ನೆಲದ ಮೇಲೆ ಕೂತಾಗಲೆಲ್ಲ ಅವನಿಗೆ ಸಂಕಟವಾಗುತ್ತಿತ್ತು. ಅವ್ವನಿಗೆ ಆ ಜಾಗ ಹಿಡಿಸಲಿಲ್ಲ, ಈ ಜಾಗ ಹಿಡಿಸಿದೆ ಎಂದುಕೊಂಡು, ನಾನು ಹೋದ ಮೇಲೆ ಚಪ್ಪಡಿಯನ್ನು ಎತ್ತಿ ತಂದು ನಾನು ಕೂತಲ್ಲೇ ಹಾಕಿಡುತ್ತಿದ್ದ. ಪ್ರತಿ ಸಲವೂ. ಹೇಳಬೇಕು ಎಂದು ಅವನಿಗೆ ತೋಚಲೇ ಇಲ್ಲ. ಹೇಳುವಂಥ ವಿಷಯವೂ ಅದಲ್ಲ ಅವನಿಗೆ.

ನಾನು ನಕ್ಕೆ, ಬೈದೆ, ಮತ್ತೆ ನಕ್ಕೆ. ಕೇತಮ್ಮ ಕೊಟ್ಟ ಜೇನು ನೆಕ್ಕಿದೆ. ತೂಕದ ಚಿಂತೆ ಆ ಹೊತ್ತಿಗೆ ಮನೆಯಲ್ಲಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಇಳಿಯಲು ಹೊರಟೆವು. ಜಡೆಯ ಚೀಲ ಹಿಡಿದು ಮುಂದೆ. ಬಂಡೆಯ ತಿರುವಿನಲ್ಲಿ ಅವನು ಬೆರಳು ತೋರಿದ. ದಾರಿಯ ಪಕ್ಕ ಮೂರು ಪುಟ್ಟ ಕಲ್ಲು. ಚಪ್ಪಡಿ ಅಲುಗದಿರಲಿ ಎಂದು ಅಡಿಗೆ ಕೊಟ್ಟಿದ್ದ ಒತ್ತುಗಲ್ಲುಗಳು. ಅದನ್ನೇ ನಾನು ದನಗಾಹಿಗಳ ಒಲೆ ಎಂದುಕೊಂಡಿದ್ದೆ! ಇನ್ನಷ್ಟು ಇಳಿದರೆ ಹಳ್ಳದ ಹತ್ತಿರ ಇನ್ನೊಂದು ಜಾಗ. ಬಿದಿರ ಮೆಳೆಯ ಕೆಳಗೆ ಇನ್ನೊಂದು. ಒಂದೊಂದರ ಹತ್ತಿರವೂ ನಿಂತೆ. ಇಲ್ಲಿ ತುಪ್ಪ ಬಿಟ್ಟಿದ್ದೆ, ಇಲ್ಲಿ ಸಕ್ಕರೆ ಬಿಟ್ಟಿದ್ದೆ, ಇಲ್ಲಿ ಕೂತು ನನಗೆ ಎದೆ ಕಾಯಿಲೆ ಎಂದು ತೀರ್ಮಾನಿಸಿದ್ದೆ. ಗೆದ್ದ ಜಾಗದಲ್ಲೆಲ್ಲ ಸೋತೆ ಎಂದು ಅತ್ತಿದ್ದೆ. ಐದು ಎಣಿಸಿದೆ. ಎಣಿಸುತ್ತ ಎಣಿಸುತ್ತ ನನ್ನ ಮೈಯ ಮೇಲೆ ನನಗೇ ಒಂದು ಥರ ಅಕ್ಕರೆ ಬಂತು. ಪಾಪ, ಅದು ತನ್ನ ಕೆಲಸ ತಾನು ಮಾಡಿಕೊಂಡೇ ಬಂದಿತ್ತು, ಬೈಸಿಕೊಂಡು.

ಆರನೆಯದು, ಮೊಟ್ಟಮೊದಲನೆಯದು, ಬರುವ ಹೊತ್ತಿಗೆ ನಾವು ಇಳಿದೇ ಮುಗಿಸಿದ್ದೆವು. ಅಲ್ಲಿಂದ ಬುಡದ ಹಳ್ಳಿಯ ಹೆಂಗಸರು ಬಾವಿಯ ಹತ್ತಿರ ಮಾತಾಡುವುದು ಕೇಳುತ್ತಿತ್ತು. ಬಸ್ಸಿನ ರಸ್ತೆ ಕಾಣುತ್ತಿತ್ತು. ಇಷ್ಟು ಕೆಳಗೇ? ನಾನು ತಿರುಗಿ ಮೇಲೆ ನೋಡಿದೆ. ಇಲ್ಲಿ ಕುಸಿದವಳು ಹೋದ ವರ್ಷ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಹೇಗೆ ಹೋಗಿ ಮುಟ್ಟಿಯಾಳು? ಆ ಮೊದಲ ಮಗುವಿಗೂ ನನಗೂ ನಡುವೆ ಇದ್ದ ದೂರ ಎಷ್ಟೆಂದು ಆ ವರ್ಷವೆಲ್ಲ ನನಗೆ ಗೊತ್ತಿರಲಿಲ್ಲ. ಈಗ ಕಣ್ಣೆದುರಿಗೇ ಇತ್ತು, ಮೂರು ಮೂರು ಕಲ್ಲಿನ ಗುರುತು ಹಾಕಿಕೊಂಡು. ಬೆಳಗಿನಿಂದ ತುಂಬಿಕೊಂಡಿದ್ದ ಸಂತೋಷ ಎಲ್ಲಿಗೂ ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲೇ ಇನ್ನೊಂದು ಬಂದು ಕೂತಿತು. ಎರಡರಲ್ಲಿ ಯಾವುದಕ್ಕೆ ಕಣ್ಣು ತುಂಬಿತು ಎಂದು ಇವತ್ತಿಗೂ ಹೇಳಲಾರೆ.

ಆ ಮೂರು ಕಲ್ಲುಗಳ ಪಕ್ಕ, ಒದ್ದೆ ಹುಲ್ಲಿನ ಮೇಲೆ, ಕೂತುಬಿಟ್ಟೆ.

ಜಡೆಯ ಹಿಂದೆ ತಿರುಗಿ ನೋಡಿದ. ಇಳಿಜಾರಿನಲ್ಲಿ ಬಂದು ಕೂತ ನನ್ನನ್ನೂ ನನ್ನ ಕಣ್ಣನ್ನೂ ನೋಡಿ ಅವನ ಮುಖ ಸಣ್ಣದಾಯಿತು. "ದಣಿವಾಯ್ತಾ ಅವ್ವಾ? ನೆಲ ಸೀತ. ಇರಿ, ಒಂದ್ಗಳ್ಗೆ" ಎಂದು ಚೀಲ ಕೆಳಗಿಟ್ಟ.

"ಬೇಡ ಕಣೋ, ದಣಿವಲ್ಲ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಚಪ್ಪಡಿ ತರಲು ಗುಡ್ಡ ಹತ್ತತೊಡಗಿದ್ದ.